ಹಗೇವಿನ ದೀಪದಿಂದ ಗ್ರಾಫೀನ್ ಹಾಳೆಯವರೆಗೆ

ಅನ್ನವಿಲ್ಲದೆ ಮನುಷ್ಯ ಕೆಲವು ವಾರ ಬದುಕಬಹುದು. ನೀರಿಲ್ಲದೆ ಕೆಲವು ದಿನ ಬದುಕಬಹುದು. ಗಾಳಿಯಿಲ್ಲದೆ ಕೆಲವು ನಿಮಿಷಗಳಾಚೆ ಬದುಕಲಾರ. ಇದು ಎಲ್ಲರೂ ಬಲ್ಲ ಮಾತು. ಆದರೆ ಇದರ ಜೊತೆಗಿರುವ ಇನ್ನೊಂದು ಮಾತನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಕೆಟ್ಟ ಅನ್ನವನ್ನು ನಾಲಗೆ ಹೇಳುತ್ತದೆ. ಕೆಟ್ಟ ನೀರನ್ನು ಎಷ್ಟೋ ವೇಳೆ ಕಣ್ಣೇ ಹೇಳುತ್ತದೆ. ಕೆಟ್ಟ ಗಾಳಿಯನ್ನು ಹೇಳಬಲ್ಲ ಇಂದ್ರಿಯ ಮಾತ್ರ ನಮಗೆ ಸರಿಯಾಗಿ ಇಲ್ಲ. ಮೂಗು ಇದೆಯಲ್ಲ ಎನ್ನುವಿರಾ? ಮೂಗಿನ ಸಾಕ್ಷಿ ಎಷ್ಟು ದುರ್ಬಲವೆಂಬುದನ್ನು ಮುಂದೆ ನೋಡೋಣ. ಪ್ರಾಣ ತೆಗೆಯುವ ವಾಯುವಿನ ಸುಳಿವನ್ನು ಪ್ರಾಣ ಹೋಗುವ ಮೊದಲೇ ಅರಿಯಲು ಮನುಷ್ಯ ಏನೇನು ಉಪಾಯಗಳನ್ನು ಕಂಡುಕೊಂಡ, ಆ ಉಪಾಯಗಳ ಸಾಲಿನಲ್ಲಿ ಈಚೆಗೆ ಬಂದು ನಿಂತಿರುವ ಗ್ರಾಫೀನ್ ಎಂಬ ವಸ್ತು ಎಂಥದು, ಅದರಿಂದ ಯಾರಿಗೆ ಉಪಕಾರವಾಗಬೇಕು ಎಂಬುದೇ ಈ ಲೇಖನದ ವಿಷಯ.

ಈ ಚರಿತ್ರೆಯನ್ನು ಪರದೇಶದಿಂದ ಆರಂಭಿಸಬೇಕಾದ ಅಗತ್ಯವಿಲ್ಲ. ಬೆಳಗಾವಿಯಿಂದ ಪೂರ್ವಕ್ಕೆ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆಭೂಮಿಯ ಕಡೆಗೆ ಹೊರಟರೆ ಹಳೆಯ ಊರುಗಳಲ್ಲಿ ಹಗೇವುಗಳಿದ್ದುವು. ಜೋಳವನ್ನು ವರ್ಷಗಟ್ಟಲೆ ಕೆಡದಂತೆ ಇಡಲು ನಮ್ಮ ಹಿರಿಯರು ನೆಲದೊಳಗೆ ತೋಡಿಕೊಂಡ ಕಣಜ ಅದು. ಮೇಲೆ ಒಬ್ಬ ಆಳು ಇಳಿಯುವಷ್ಟು ಕಿರಿದಾದ ಬಾಯಿ. ಒಳಗೆ ಗಡಿಗೆಯ ಹಾಗೆ ಅಗಲವಾದ ಹೊಟ್ಟೆ. ಸುತ್ತಲೂ ಒಣಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ಮುಗಿಯಿತು. ಪಶ್ಚಿಮಕ್ಕೆ ಖಾನಾಪುರದ ಕಡೆ ಇದು ಸಲ್ಲದು. ಅಲ್ಲಿ ಸಹ್ಯಾದ್ರಿಯ ಮಳೆ. ನೆಲದಲ್ಲಿ ಗುಂಡಿ ತೋಡಿದರೆ ಕಾಳಿನ ಬದಲು ನೀರೇ ತುಂಬೀತು. ಆದುದರಿಂದ ಭತ್ತದ ನಾಡಾದ ಖಾನಾಪುರದವರು ಕಾಳನ್ನು ನೆಲದ ಮೇಲೆಯೇ ಇಟ್ಟರು; ಜೋಳದ ನಾಡಿನವರು ನೆಲದೊಳಗೆ ಇಟ್ಟರು. ಒಂದೇ ಜಿಲ್ಲೆಯಲ್ಲಿ ಎರಡು ಬಗೆಯ ಜಾಣತನ.

ಹಗೇವಿನಲ್ಲಿ ಕಾಳು ಏಕೆ ಕೆಡುವುದಿಲ್ಲ? ಕಾಳೂ ಉಸಿರಾಡುತ್ತದೆ, ಅದರೊಳಗಿನ ಹುಳುವೂ ಉಸಿರಾಡುತ್ತದೆ. ಬಾಯಿ ಮುಚ್ಚಿದ ಕೆಲವು ದಿನಗಳಲ್ಲಿ ಒಳಗಿದ್ದ ಆಮ್ಲಜನಕ ತೀರುತ್ತ ಬಂದು, ಅದರ ಸ್ಥಾನದಲ್ಲಿ ಇಂಗಾಲಾಮ್ಲ ವಾಯು, ಎಂದರೆ ಇಂದು ಶಾಲೆಯ ಮಕ್ಕಳು ಕಾರ್ಬನ್ ಡೈ ಆಕ್ಸೈಡ್ ಎಂದು ಕರೆಯುವ ವಾಯು, ತುಂಬಿಕೊಳ್ಳುತ್ತದೆ. ಹುಳುಗಳು ಸಾಯುತ್ತವೆ, ಬೂಷ್ಟು ಬೆಳೆಯುವುದಿಲ್ಲ, ಕಾಳು ಉಳಿಯುತ್ತದೆ. ಹೀಗೆ ಕಾಳಿಗೆ ಕಾವಲುಗಾರನಾದ ವಾಯುವೇ ಕಾಳು ತೆಗೆಯಲು ಇಳಿದವನಿಗೆ ಯಮನಾಗುತ್ತದೆ. ಈ ಕಣಜಕ್ಕೆ ಕೆಲವು ಕಡೆ ಬರಿದೇ ‘ಹಗೆ’ ಎಂದೂ ಹೇಳುವರು. ವೈರಕ್ಕೂ ಕನ್ನಡದಲ್ಲಿ ಅದೇ ಮಾತು. ಎರಡು ಶಬ್ದಗಳಿಗೂ ಸಂಬಂಧವಿದೆಯೆಂದು ನಾನು ಸಾಧಿಸಹೊರಟಿಲ್ಲ. ಆದರೆ ಅವಸರದಿಂದ ಹಗೇವಿಗೆ ಇಳಿದು ಮನೆಯ ಯಜಮಾನನನ್ನು ಕಳೆದುಕೊಂಡ ಕುಟುಂಬಕ್ಕೆ ಆ ಮಾತು ಎರಡೂ ಅರ್ಥದಲ್ಲಿ ಕೇಳಿಸಿರಬೇಕು.

ಆದುದರಿಂದಲೇ ಬಲ್ಲವರು ಹಗೇವಿನ ಬಾಯಿ ತೆರೆದೊಡನೆ ಇಳಿಯುತ್ತಿರಲಿಲ್ಲ. ಬಹಳ ಹೊತ್ತು ಬಾಯಿ ತೆರೆದಿಟ್ಟು ಗಾಳಿಯಾಡಲು ಬಿಡುವರು. ಅನಂತರ ಹಗ್ಗಕ್ಕೆ ದೀಪವನ್ನೋ ಕಂದೀಲನ್ನೋ ಕಟ್ಟಿ ಒಳಗೆ ಬಿಡುವರು. ದೀಪ ಉರಿದರೆ ಇಳಿಯಬಹುದು, ಆರಿದರೆ ಇಳಿಯಬಾರದು. ಹಾಳುಬಾವಿಗೆ ಇಳಿಯುವವರೂ ಇದೇ ಪರೀಕ್ಷೆಯನ್ನು ಮಾಡುತ್ತಿದ್ದರು. ವಿಷವಾಯುವನ್ನು ಕಂಡುಹಿಡಿಯುವ ಯಂತ್ರಗಳ ವಂಶಾವಳಿಯನ್ನು ಬರೆಯುವುದಾದರೆ ಮೊದಲ ಹೆಸರು ಈ ದೀಪದ್ದೇ.

ಪಶ್ಚಿಮದಲ್ಲಿ ಈ ವಾಯುವನ್ನು ಮೊದಲು ವಿವೇಚಿಸಿದವರಲ್ಲಿ ಫ್ಲ್ಯಾಂಡರ್ಸ್ ಪ್ರಾಂತದ ವಾನ್ ಹೆಲ್ಮಾಂಟ್ ಎಂಬ ವೈದ್ಯ ಪ್ರಮುಖ. ಆತ ೧೬೪೪ರಲ್ಲಿ ತೀರಿಕೊಂಡ. ಇದ್ದಿಲು ಉರಿದಾಗಲೂ ದ್ರಾಕ್ಷಿಯ ರಸ ಹುಳಿತು ಕಳ್ಳಾಗುವಾಗಲೂ ಒಂದೇ ಬಗೆಯ ವಾಯು ಹುಟ್ಟುವುದೆಂದು ಆತ ಗುರುತಿಸಿದ. ನಾವೆಲ್ಲರೂ ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಸಲ ಆಡುವ ‘ಗ್ಯಾಸ್’ ಎಂಬ ಮಾತನ್ನು ಟಂಕಿಸಿದವನೂ ಆತನೇ. ಗ್ರೀಕರು ಸೃಷ್ಟಿಗೆ ಮೊದಲಿನ ಅಸ್ತವ್ಯಸ್ತ ಶೂನ್ಯಕ್ಕೆ ಇಟ್ಟಿದ್ದ ‘ಕೇಯಾಸ್’ ಎಂಬ ಹೆಸರಿನಿಂದ ಆ ಮಾತನ್ನು ಮಾಡಿದ. ರೂಪವಿಲ್ಲದ್ದು, ಹಿಡಿತಕ್ಕೆ ಸಿಕ್ಕದ್ದು ಎಂಬ ಭಾವ ಅದರಲ್ಲಿದೆ. ಹೆಸರು ಸಾರ್ಥಕವಾಗಿದೆ.

ದೀಪದ ಪರೀಕ್ಷೆಗೆ ಶಾಸ್ತ್ರದ ರೂಪ ಬಂದುದು ಕಲ್ಲಿದ್ದಲ ಗಣಿಗಳಲ್ಲಿ. ೧೮೧೨ರಲ್ಲಿ ಇಂಗ್ಲೆಂಡಿನ ಫೆಲಿಂಗ್ ಗಣಿಯಲ್ಲಿ ಅನಿಲ ಸ್ಫೋಟಿಸಿ ೯೨ ಜನ ಸತ್ತರು. ಮೂರು ವರ್ಷಗಳ ಅನಂತರ, ೧೮೧೫ರಲ್ಲಿ, ಹಂಫ್ರಿ ಡೇವಿ ಎಂಬ ರಸಾಯನಶಾಸ್ತ್ರಜ್ಞ ಜ್ವಾಲೆಯ ಸುತ್ತ ಸೂಕ್ಷ್ಮವಾದ ತಂತಿಬಲೆ ಹೊದಿಸಿದ ದೀಪವನ್ನು ರಚಿಸಿದ. ಬೆಂಕಿ ಬಲೆ ದಾಟಿ ಹೊರಗೆ ಬಾರದು. ಆದರೆ ಹೊರಗಿನ ವಾಯು ಒಳಕ್ಕೆ ಬಂದು ಜ್ವಾಲೆಯನ್ನು ಮುಟ್ಟೀತು. ಹೊತ್ತಿಕೊಳ್ಳುವ ಅನಿಲವಿದ್ದರೆ ಜ್ವಾಲೆಗೆ ನೀಲಿಯ ಟೋಪಿ ಬರುವುದು. ಆಮ್ಲಜನಕ ಕಡಮೆಯಾದರೆ ಜ್ವಾಲೆ ಕುಗ್ಗುವುದು. ಒಂದೇ ದೀಪ ಎರಡು ಸುದ್ದಿಗಳನ್ನು ಹೇಳಲಾರಂಭಿಸಿತು.

ಆದರೆ ದೀಪ ಹೇಳಲಾರದ ಸುದ್ದಿಯೊಂದಿದೆ. ಅದು ಕಾರ್ಬನ್ ಮಾನಾಕ್ಸೈಡ್. ಇದ್ದಿಲು, ಕಟ್ಟಿಗೆ, ಕೋಕುಗಳು ಸಾಕಷ್ಟು ಗಾಳಿಯಿಲ್ಲದೆ ಅರೆಬರೆ ಉರಿದಾಗ ಹುಟ್ಟುವ ವಾಯು ಇದು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೆತ್ತರಿನಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ಗಾಳಿಯಲ್ಲಿ ಆಮ್ಲಜನಕ ತುಂಬ ಇದ್ದರೂ ಹೊರುವ ಆಳೇ ಇಲ್ಲವಾಗುವುದರಿಂದ ಮನುಷ್ಯ ಸಾಯುತ್ತಾನೆ. ಪಕ್ಕದಲ್ಲಿರುವ ದೀಪ ಮಾತ್ರ ನಗುನಗುತ್ತ ಉರಿಯುತ್ತಲೇ ಇರುತ್ತದೆ. ಖಾನಾಪುರದ ಕಣಕುಂಬಿ, ಜಾಂಬೋಟಿಗಳ ಕಡೆ ಆಷಾಢದ ಮಳೆ ಹಿಡಿದಾಗ ಮನೆಯ ಕದ ಕಿಟಕಿಗಳನ್ನು ಮುಚ್ಚಿ ಒಳಗೆ ಕೆಂಡ ಕಾಯಿಸುವುದುಂಟು. ಬೆಳಗಾವಿಯ ಚಳಿಯಲ್ಲೂ ಹಾಗೆಯೇ. ತಲೆ ಸುತ್ತಿದ ಹಾಗಾಯಿತು, ನಿದ್ದೆ ಬಂದ ಹಾಗಾಯಿತು ಎನ್ನುವಷ್ಟರಲ್ಲಿ ಎಚ್ಚರ ತಪ್ಪುವುದು ಈ ವಾಯುವಿನಿಂದಲೇ. ಬೆಳಗಾವಿಯ ಉದ್ಯಮಬಾಗದಲ್ಲಿ ಬೀಡುಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆಗಳಿವೆಯಷ್ಟೆ. ಕೋಕು ಉರಿಸುವ ಎರಕದ ಕುಲುಮೆಗಳ ಬಳಿ ದುಡಿಯುವವರು ಹುಷಾರಾಗಿರಬೇಕಾದುದೂ ಈ ವಾಯುವಿಗೇ.

೧೮೯೦ರ ದಶಕದಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಶರೀರಶಾಸ್ತ್ರಜ್ಞ ಬ್ರಿಟನ್ನಿನ ಗಣಿ ದುರಂತಗಳನ್ನು ವಿಚಾರಿಸಿ, ಸ್ಫೋಟದ ಪೆಟ್ಟಿಗಿಂತ ಅನಂತರ ಹರಡುವ ಕಾರ್ಬನ್ ಮಾನಾಕ್ಸೈಡಿನಿಂದ ಸತ್ತವರೇ ಹೆಚ್ಚು ಎಂಬುದನ್ನು ತೋರಿಸಿಕೊಟ್ಟ. ಆತ ಸೂಚಿಸಿದ ಉಪಾಯ ಸರಳವಾದದ್ದು, ಆದರೆ ಕರುಣಾಜನಕವಾದದ್ದು. ಸಣ್ಣ ಪ್ರಾಣಿಗಳ ಉಸಿರಾಟ ನಮಗಿಂತ ವೇಗ. ಆದುದರಿಂದ ವಿಷ ಅವುಗಳ ಮೈಯಲ್ಲಿ ಬೇಗ ಏರುತ್ತದೆ. ಪಂಜರದಲ್ಲಿ ಕ್ಯಾನರಿ ಹಕ್ಕಿಯನ್ನಿಟ್ಟುಕೊಂಡು ಗಣಿಗಿಳಿದರೆ, ಹಕ್ಕಿ ಕೋಲಿನಿಂದ ಕೆಳಗೆ ಬಿದ್ದ ಗಳಿಗೆಯಲ್ಲಿ ಮನುಷ್ಯ ಹಿಂದಿರುಗಬಹುದು. ಈ ಪದ್ಧತಿ ಬ್ರಿಟನ್ನಿನಲ್ಲಿ ೧೯೮೬ರಲ್ಲಿ ವಿದ್ಯುತ್ ಉಪಕರಣಗಳಿಗೆ ಸ್ಥಾನ ಬಿಟ್ಟುಕೊಡುವವರೆಗೂ ನಡೆಯಿತೆಂದರೆ ಅದರ ಉಪಯುಕ್ತತೆಯನ್ನು ಊಹಿಸಬಹುದು.

ಇನ್ನು ಮೂಗಿನ ವಿಚಾರ. ೧೯೩೭ರ ಮಾರ್ಚ್ ೧೮ರಂದು ಅಮೆರಿಕದ ಟೆಕ್ಸಾಸ್ ಪ್ರಾಂತದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ಉರಿಯನಿಲ ನೆಲದಡಿ ಸೋರಿ ತುಂಬಿ ಸ್ಫೋಟಿಸಿತು. ಸುಮಾರು ೩೦೦ ಮಂದಿ ಮಕ್ಕಳೂ ಉಪಾಧ್ಯಾಯರೂ ಮಡಿದರು. ಶಾಲೆಯಲ್ಲಿ ಪಾಠ ಹೇಳುವ ವೃತ್ತಿಯವನಾದ ನನಗೆ ಈ ಸಂಗತಿಯನ್ನು ಬರೆಯುವಾಗ ಕೈ ನಡುಗುತ್ತದೆ. ಆ ಬಳಿಕ ಉರಿಯನಿಲಕ್ಕೆ ಬೇಕೆಂದೇ ದುರ್ಗಂಧ ಸೇರಿಸುವ ನಿಯಮ ಬಂದಿತು. ಇಂದು ನಿಮ್ಮ ಮನೆಯ ಸಿಲಿಂಡರಿನಲ್ಲಿ ಬರುವ ಅನಿಲಕ್ಕೆ ಸಹಜವಾಗಿ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಅದರಲ್ಲಿ ನಾರುವುದು ಹೊರಗಿನಿಂದ ಬೆರೆಸಿದ ಮರ್ಕ್ಯಾಪ್ಟನ್ ಎಂಬ ದ್ರವ್ಯ. ಆ ದುರ್ನಾತ ನಿಜವಾಗಿ ಒಂದು ಉಪಕಾರ.

ಆದರೆ ಎಲ್ಲ ವಾಯುಗಳ ವಿಷಯದಲ್ಲೂ ಮೂಗನ್ನು ನಂಬಿದರೆ ಕೆಟ್ಟೆವು. ಕೊಳಚೆ ಕೊಳೆಯುವ ಕಡೆ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ವಾಯು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗಕ್ಕಿಂತ ಕಡಮೆಯಿದ್ದರೂ ಮೂಗಿಗೆ ತಿಳಿಯುತ್ತದೆ. ವಿಚಿತ್ರವೇನೆಂದರೆ, ಅದು ೧೦೦ ಭಾಗಕ್ಕೆ ಏರಿದಾಗ ಮೂಗಿನ ನರಗಳೇ ಸೋತು ವಾಸನೆ ಇಲ್ಲವಾಗುತ್ತದೆ. ‘ನಾತ ಹೋಯಿತು, ಗಾಳಿ ತಿಳಿಯಾಯಿತು’ ಎಂದುಕೊಂಡು ಮುಂದೆ ಹೆಜ್ಜೆಯಿಟ್ಟವನು ನೂರಾರು ಭಾಗ ವಿಷವಿರುವ ಕಡೆ ಕುಸಿದು ಬೀಳುತ್ತಾನೆ. ಇಲ್ಲಿ ದೀಪ ಬಿಟ್ಟು ನೋಡುವುದೂ ಸಲ್ಲದು. ಕೊಳಚೆಯ ಗುಂಡಿಯಲ್ಲಿ ಹೊತ್ತಿಕೊಳ್ಳುವ ಮೀಥೇನ್ ವಾಯುವೂ ಇರುವುದರಿಂದ ಬರಿಯ ಜ್ವಾಲೆ ಸ್ಫೋಟಕ್ಕೇ ಕಾರಣವಾದೀತು. ಹಿರಿಯರ ದೀಪ ಹಗೇವಿಗೆ ಸರಿ. ಪಟ್ಟಣದ ಚರಂಡಿಗೆ ಅದು ಅಪಾಯ. ಕಾಲ ಬದಲಾದಂತೆ ವಿಷವೂ ಬದಲಾಗುತ್ತದೆ. ಆಗ ಪರೀಕ್ಷೆಯೂ ಬದಲಾಗಬೇಕು.

ಬದಲಾವಣೆ ಬಂದುದು ೧೯೬೨ರಲ್ಲಿ. ಜಪಾನಿನ ಕ್ಯೂಷೂ ವಿಶ್ವವಿದ್ಯಾಲಯದ ಸೆಯಾಮಾ ಮತ್ತು ಅವರ ಸಂಗಡಿಗರು ಬಿಸಿಯಾದ ಸತುವಿನ ಆಕ್ಸೈಡಿನ ತೆಳುಪೊರೆಯನ್ನು ಅನಿಲಗಳು ಮುಟ್ಟಿದಾಗ ಅದರಲ್ಲಿ ವಿದ್ಯುತ್ತು ಹರಿಯುವ ಪ್ರಮಾಣ ಬದಲಾಗುವುದನ್ನು ತೋರಿಸಿದರು. ಅದೇ ವರ್ಷ ತಾಗುಚಿ ಎಂಬವರು ತವರದ ಆಕ್ಸೈಡಿನಿಂದ ಇಂಥದೇ ಸಾಧನಕ್ಕೆ ಹಕ್ಕುಪತ್ರ ಕೋರಿದರು. ಮುಂದೆ ೧೯೬೮ರಿಂದ ಅದು ಕಾರ್ಖಾನೆಯಲ್ಲಿ ತಯಾರಾಗಿ, ಜಪಾನಿನ ಮನೆಗಳಲ್ಲಿ ಅಡುಗೆ ಅನಿಲ ಸೋರಿದೊಡನೆ ಕೂಗಿ ಹೇಳುವ ಗಂಟೆಯಾಯಿತು. ಇಂಥ ಸಾಧನಕ್ಕೆ ಸಂವೇದಕ ಎಂದು ಹೆಸರು.

ಇದರ ಗುಟ್ಟು ಖಾನಾಪುರದವರಿಗೆ ಬೇಗ ತಿಳಿಯುವಂಥದು. ಖಾನಾಪುರದ ಜೇಡಿಮಣ್ಣು, ಅಲ್ಲಿಯ ಹೆಂಚು ಮಡಕೆಗಳು, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇವೆಲ್ಲ ನಾಡಿಗೆ ಗೊತ್ತು. ಸುಟ್ಟ ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುವುದರಿಂದಲೇ ಅದರ ನೀರು ತಂಪು. ತವರದ ಆಕ್ಸೈಡಿನ ಸಂವೇದಕವೂ ಹಾಗೆಯೇ ಸುಟ್ಟು ಮಾಡಿದ, ರಂಧ್ರಮಯವಾದ ಒಂದು ಸಣ್ಣ ಮಣಿ. ಗಾಳಿಯ ಆಮ್ಲಜನಕ ಅದರ ರಂಧ್ರಗಳ ಮೈಗೆ ಅಂಟಿ ವಿದ್ಯುತ್ಕಣಗಳನ್ನು ಹಿಡಿದಿಟ್ಟಿರುತ್ತದೆ. ಉರಿಯನಿಲ ಬಂದು ಆ ಆಮ್ಲಜನಕವನ್ನು ಕಸಿದುಕೊಂಡಾಗ ವಿದ್ಯುತ್ಕಣಗಳು ಬಿಡುಗಡೆಯಾಗಿ ಪ್ರವಾಹ ಹೆಚ್ಚುತ್ತದೆ. ಆ ಮಣಿಯನ್ನು ಕೂರಿಸುವ ಕೊಳವೆ ಸಾಮಾನ್ಯವಾಗಿ ಅಲ್ಯೂಮಿನದ್ದು, ಎಂದರೆ ನಮ್ಮ ಬೆಳಗಾವಿಯ ಕಾರ್ಖಾನೆಯಲ್ಲಿ ಬಾಕ್ಸೈಟಿನಿಂದ ತಯಾರಾಗುವ ಬಿಳಿಯ ಪುಡಿಯ ಜಾತಿಯದು. ಆದರೆ ಈ ಮಣಿಗೊಂದು ದೋಷ. ಅದು ಕೆಲಸ ಮಾಡಬೇಕಾದರೆ ಸದಾ ೨೦೦ರಿಂದ ೪೦೦ ಡಿಗ್ರಿಯವರೆಗೆ ಕಾದಿರಬೇಕು. ಗೋಡೆಗೆ ಸಿಕ್ಕಿಸಿ ವಿದ್ಯುತ್ತಿನ ತಂತಿ ಕೊಟ್ಟರೆ ಚಿಂತೆಯಿಲ್ಲ. ಜೇಬಿನಲ್ಲಿಟ್ಟುಕೊಂಡು ಗುಂಡಿಯ ಬಳಿಗೆ ಒಯ್ಯುವುದಾದರೆ ಬ್ಯಾಟರಿ ಬೇಗ ಬರಿದಾಗುತ್ತದೆ.

ಇಂಥ ಸಾಧನಗಳು ಲೋಕದಲ್ಲಿದ್ದ ಕಾಲದಲ್ಲಿಯೇ ೧೯೮೪ರ ಡಿಸೆಂಬರ್ ೨ರ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಸುಮಾರು ೪೦ ಟನ್ನು ಮೀಥೈಲ್ ಐಸೋಸಯನೇಟ್ ಹೊರಬಿದ್ದು ಮಲಗಿದ್ದ ಊರನ್ನು ಆವರಿಸಿತು. ಸಾವಿರಾರು ಜನ ಸತ್ತರು. ಲಕ್ಷಾಂತರ ಜನ ನೊಂದರು. ಕಾರ್ಖಾನೆಯೊಳಗಿನ ಕೆಲಸಗಾರರಿಗೆ ಸೋರಿಕೆ ತಿಳಿದುದು ಯಂತ್ರದಿಂದಲ್ಲ. ಕಣ್ಣು ಉರಿದು ನೀರು ಬಂದುದರಿಂದ. ಉಪಕರಣ ಲೋಕದಲ್ಲಿ ಇರುವುದು ಬೇರೆ, ಬೇಕಾದವನ ಕೈಯಲ್ಲಿ ಇರುವುದು ಬೇರೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಗ್ರಾಫೀನ್ ಬಳಿಗೆ ಹೋಗೋಣ.

ನಿಮ್ಮ ಮನೆಯ ಮಗುವಿನ ಪೆನ್ಸಿಲನ್ನು ಕೈಗೆ ತೆಗೆದುಕೊಳ್ಳಿ. ಅದರೊಳಗಿನ ಕಪ್ಪು ಕಡ್ಡಿ ಮುಖ್ಯವಾಗಿ ಗ್ರಾಫೈಟ್ ಎಂಬ ಇಂಗಾಲ. ಬರೆಯುವುದು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದ ಹೆಸರು ಅದು. ಗ್ರಾಫೈಟೆಂದರೆ ಹಾಳೆಯ ಮೇಲೆ ಹಾಳೆ ಪೇರಿಸಿದ ಓಲೆಗರಿಯ ಕಟ್ಟಿನಂಥದು. ಒಂದೊಂದು ಹಾಳೆಯೂ ಜೇನುಹುಟ್ಟಿನಂತೆ ಆರು ಮೂಲೆಯ ಮನೆಗಳಾಗಿ ಹೆಣೆದ ಇಂಗಾಲದ ಪರಮಾಣುಗಳ ಜಾಲ. ಬರೆಯುವಾಗ ಈ ಕಟ್ಟಿನಿಂದ ಓಲೆಗಳು ಜಾರಿ ಕಾಗದಕ್ಕೆ ಅಂಟುತ್ತವೆ. ಅಂಥ ಒಂದೇ ಒಂದು ಓಲೆಯನ್ನು, ಎಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆಯನ್ನು, ಬಿಡಿಸಿದರೆ ಅದೇ ಗ್ರಾಫೀನ್. ೩೦ ಲಕ್ಷ ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರು ದಪ್ಪವಾದೀತು. ೨೦೦೪ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಎಂಬ ವಿಜ್ಞಾನಿಗಳು ಇದನ್ನು ಬಿಡಿಸಿ ಪರೀಕ್ಷಿಸಿದ ರೀತಿಯನ್ನು ಪ್ರಕಟಿಸಿದರು. ಬಳಸಿದ್ದು ಯಾವ ಮಹಾಯಂತ್ರವನ್ನೂ ಅಲ್ಲ, ಅಂಗಡಿಯಲ್ಲಿ ಸಿಗುವ ಅಂಟುಪಟ್ಟಿಯನ್ನು. ಗ್ರಾಫೈಟಿಗೆ ಅಂಟಿಸಿ ಕೀಳುವುದು, ಮತ್ತೆ ಅಂಟಿಸಿ ಕೀಳುವುದು. ಹೀಗೆ ತೆಳುವಾಗುತ್ತ ಹೋಗಿ ಕಡೆಗೆ ಒಂದೇ ಪದರ. ೨೦೧೦ರಲ್ಲಿ ಅವರಿಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಹುಮಾನ ಸಂದಿತು.

ಈ ಹಾಳೆಗೂ ವಿಷವಾಯುವಿಗೂ ಏನು ಸಂಬಂಧ? ದಪ್ಪನೆಯ ವಸ್ತುವಿನಲ್ಲಿ ಮೈಮೇಲಿನ ಪರಮಾಣುಗಳು ಕೆಲವು, ಒಳಗಿನವು ಬಹಳ. ಹೊರಗೆ ಬಂದ ಅತಿಥಿ ಒಳಮನೆಯವರಿಗೆ ತಿಳಿಯುವುದಿಲ್ಲ. ಗ್ರಾಫೀನಿನಲ್ಲಿ ಒಳಮನೆಯೇ ಇಲ್ಲ. ಎಲ್ಲರೂ ಜಗುಲಿಯ ಮೇಲೆ ಕುಳಿತವರೇ. ಒಂದು ಗ್ರಾಮು ಗ್ರಾಫೀನಿನ ಹಾಳೆಗಳನ್ನು ಹಾಸಿದರೆ ಎರಡೂ ಮೈ ಸೇರಿ ಸುಮಾರು ೨,೬೦೦ ಚದರ ಮೀಟರು, ನಮ್ಮ ಲೆಕ್ಕದಲ್ಲಿ ಸುಮಾರು ೨೬ ಗುಂಟೆ ನೆಲವಾಗುತ್ತದೆ. ಅನಿಲದ ಕಣ ಬಂದು ಈ ಹಾಳೆಯ ಮೇಲೆ ಕುಳಿತೊಡನೆ ಒಂದು ಕೊಡುಕೊಳೆ ನಡೆಯುತ್ತದೆ. ನೈಟ್ರೋಜನ್ ಡೈ ಆಕ್ಸೈಡ್ ಹಾಳೆಯಿಂದ ವಿದ್ಯುತ್ಕಣವನ್ನು ಸೆಳೆದುಕೊಳ್ಳುತ್ತದೆ. ಅಮೋನಿಯ ತಾನೇ ಕೊಡುತ್ತದೆ. ಎರಡರಿಂದಲೂ ಹಾಳೆಯಲ್ಲಿ ಹರಿಯುವ ಪ್ರವಾಹ ಬದಲಾಗುತ್ತದೆ. ೨೦೦೭ರಲ್ಲಿ ಮ್ಯಾಂಚೆಸ್ಟರಿನ ತಂಡದವರು ನೈಟ್ರೋಜನ್ ಡೈ ಆಕ್ಸೈಡಿನ ಒಂದೊಂದೇ ಅಣು ಹಾಳೆಯ ಮೇಲೆ ಬಂದು ಕೂರುವುದನ್ನೂ ಏಳುವುದನ್ನೂ ಪ್ರವಾಹದ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಅಳೆದು ತೋರಿಸಿದರು.

ರೇಡಿಯೋ ಇಟ್ಟುಕೊಂಡವರಿಗೆ ಇದರ ಹಿರಿಮೆ ಚೆನ್ನಾಗಿ ತಿಳಿದೀತು. ದೂರದ ನಿಲ್ದಾಣದ ದನಿ ಕೇಳಬೇಕಾದರೆ ದನಿ ದೊಡ್ಡದಾಗಿದ್ದರೆ ಸಾಲದು. ಪೆಟ್ಟಿಗೆಯ ಕರಕರ ಸದ್ದು ಕಡಮೆಯಿರಬೇಕು. ಗ್ರಾಫೀನಿನಲ್ಲಿ ಆ ಕರಕರ ಸದ್ದು ಅತ್ಯಲ್ಪ. ಆದುದರಿಂದಲೇ ಒಂದು ಅಣುವಿನ ಪಿಸುಮಾತೂ ಕೇಳಿಸಿತು. ಇದರ ಮೇಲೆ, ಈ ಹಾಳೆ ಕೋಣೆಯ ಸಾಧಾರಣ ಶಾಖದಲ್ಲಿಯೇ ಅನಿಲವನ್ನು ಗುರುತಿಸಬಲ್ಲುದು. ತವರದ ಮಣಿಯ ಹಾಗೆ ಸದಾ ಕುಲುಮೆಯಲ್ಲಿ ಇರಬೇಕಾಗಿಲ್ಲ. ಸಣ್ಣ ಬ್ಯಾಟರಿಯಿಂದ ಬಹುದಿನ ನಡೆಯುವ, ಅಂಗಿಯ ಗುಂಡಿಯಷ್ಟು ಸಂವೇದಕವನ್ನು ಮಾಡಬಹುದೆಂಬ ಆಶೆ ಹುಟ್ಟಿದುದು ಇಲ್ಲಿಂದ.

ಈ ಕಾರ್ಯದಲ್ಲಿ ಕನ್ನಡನಾಡು ಹಿಂದೆ ಬಿದ್ದಿಲ್ಲವೆಂಬುದು ಸಂತೋಷದ ಸಂಗತಿ. ೧೯೩೪ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ೨೦೧೪ರಲ್ಲಿ ಭಾರತರತ್ನ ಪ್ರಶಸ್ತಿಯನ್ನು ಸ್ವೀಕರಿಸಿದ ಸಿ. ಎನ್. ಆರ್. ರಾವ್ ಅವರ ಹೆಸರನ್ನು ಕೇಳದವರಿಲ್ಲ. ೧೯೮೯ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅವರೂ ಅವರ ಶಿಷ್ಯರೂ ಗ್ರಾಫೀನನ್ನು ತಯಾರಿಸುವ ಹಲವು ದಾರಿಗಳನ್ನು ಶೋಧಿಸಿದರು. ೨೦೦೯ರಲ್ಲಿ ಅವರ ತಂಡ ಪ್ರಕಟಿಸಿದ ಒಂದು ಅಧ್ಯಯನದ ವಿಷಯವೇ ಕೆಲವೇ ಪದರಗಳ ಗ್ರಾಫೀನು ನೈಟ್ರೋಜನ್ ಡೈ ಆಕ್ಸೈಡನ್ನೂ ಗಾಳಿಯ ತೇವವನ್ನೂ ಹೇಗೆ ಗುರುತಿಸುತ್ತದೆ ಎಂಬುದು. ಇತ್ತ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನವಕಾಂತ ಭಟ್ ಅವರ ತಂಡ ಲೋಹದ ಆಕ್ಸೈಡುಗಳ ದಾರಿಯನ್ನೇ ಹಿಡಿದು, ಹಲವು ಅನಿಲಗಳನ್ನು ಒಂದೇ ಸಣ್ಣ ಬಿಲ್ಲೆಯ ಮೇಲೆ ಅಳೆಯುವ ಸಂವೇದಕಗಳ ಸಾಲನ್ನು ರೂಪಿಸಿತು. ಜೈವಿಕ ಸಂವೇದಕಗಳಿಗೂ ಅನಿಲ ಸಂವೇದಕಗಳಿಗೂ ಸಂಬಂಧಿಸಿದ ಅವರ ಕೆಲಸಕ್ಕೆ ೨೦೧೮ರ ಇನ್ಫೋಸಿಸ್ ಪ್ರಶಸ್ತಿ ದೊರೆಯಿತು.

ಇಷ್ಟು ಹೇಳಿ, ಎಲ್ಲವೂ ಸಿದ್ಧಿಸಿತು ಎಂದು ಮುಗಿಸಿದರೆ ಸತ್ಯಕ್ಕೆ ದೂರವಾದೀತು. ಗ್ರಾಫೀನಿನ ಸದ್ಗುಣವೇ ಅದರ ದೋಷವೂ ಆಗಿದೆ. ಜಗುಲಿಯ ಮೇಲೆ ಕುಳಿತವನು ಬಂದವರನ್ನೆಲ್ಲ ಮಾತಾಡಿಸುತ್ತಾನೆ. ಹಾಗೆಯೇ ಈ ಹಾಳೆ ನೀರಿನ ಆವಿಗೂ ಓಗೊಡುತ್ತದೆ. ಬೇಸಿಗೆಯ ಸವದತ್ತಿಯಲ್ಲಿ ಸರಿಯಾಗಿ ತೂಗಿಟ್ಟ ಸಾಧನವನ್ನು ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಗೆ ಶ್ರಾವಣದಲ್ಲಿ ಒಯ್ದರೆ, ವಿಷವಿಲ್ಲದಿದ್ದರೂ ಅದು ಬೊಬ್ಬಿಟ್ಟೀತು. ಇಲ್ಲವೆ ವಿಷವಿದ್ದರೂ ತೇವದ ಗದ್ದಲದಲ್ಲಿ ಅದರ ದನಿ ಅಡಗೀತು. ಎರಡನೆಯದು, ಯಾವ ಅನಿಲ ಬಂದಿತೆಂದು ಬಿಡಿಸಿ ಹೇಳುವುದು ಅದಕ್ಕೆ ಕಷ್ಟ. ರಾತ್ರಿಯ ಹೊತ್ತು ರೇಡಿಯೋದಲ್ಲಿ ಎರಡು ನಿಲ್ದಾಣಗಳು ಒಂದರ ಮೇಲೊಂದು ಬಿದ್ದ ಹಾಗೆ ಇದು. ಮೂರನೆಯದು, ಬಂದು ಕುಳಿತ ಅಣುಗಳು ಬೇಗ ಎದ್ದುಹೋಗುವುದಿಲ್ಲ. ಹಾಳೆಯನ್ನು ಬಿಸಿ ಮಾಡಿಯೋ ಅತಿನೇರಳೆ ಬೆಳಕು ಬಿಟ್ಟೋ ಅವನ್ನು ಏಳಿಸಬೇಕು. ತೀರ ಶುದ್ಧವಾದ ಗ್ರಾಫೀನು ಅನಿಲಗಳ ವಿಷಯದಲ್ಲಿ ಬಹುಮಟ್ಟಿಗೆ ಉದಾಸೀನವೆಂಬುದೂ ಮುಂದೆ ತಿಳಿದುಬಂದಿತು. ೨೦೦೯ರಲ್ಲಿ ನಡೆದ ಪರೀಕ್ಷೆಯೊಂದು, ತಯಾರಿಕೆಯಲ್ಲಿ ಹಾಳೆಗೆ ಅಂಟಿ ಉಳಿದ ಜಿಡ್ಡೇ ಅನಿಲವನ್ನು ಹಿಡಿಯಲು ನೆರವಾಗಿತ್ತೆಂದು ತೋರಿಸಿತು. ಆದುದರಿಂದ ಸಂಶೋಧಕರು ಈಗ ಬರಿಯ ಹಾಳೆಯನ್ನು ಬಿಟ್ಟು, ಅದಕ್ಕೆ ಬೇಕಾದ ದ್ರವ್ಯದ ಒಗ್ಗರಣೆ ಹಾಕುತ್ತಿದ್ದಾರೆ. ಜಲಜನಕವನ್ನು ಹಿಡಿಯಲು ಪೆಲ್ಲಾಡಿಯಮ್ ಲೋಹದ ಕಣ, ಬೇರೆ ಅನಿಲಗಳಿಗೆ ತವರ, ಸತುಗಳ ಆಕ್ಸೈಡಿನ ಕಣ. ಹಳೆಯ ಮಣಿಯೂ ಹೊಸ ಹಾಳೆಯೂ ಹೀಗೆ ಕೂಡಿ ಬಾಳುತ್ತಿವೆ. ಆದರೂ ಕೆಲಸಗಾರರು ಒಯ್ಯುವ ನಾಲ್ಕು ಅನಿಲಗಳ ಮಾಪಕದಲ್ಲಿ ಇಂದಿಗೂ ಸಾಮಾನ್ಯವಾಗಿ ಇರುವುದು ಹಳೆಯ ಬಗೆಯ ರಾಸಾಯನಿಕ ಕೋಶಗಳೇ.

ಈಗ ಮುಖ್ಯವಾದ ಪ್ರಶ್ನೆ. ಈ ಸಾಧನ ಯಾರಿಗಾಗಿ? ಹಗೇವುಗಳು ಇಂದು ಬಹುಮಟ್ಟಿಗೆ ಮುಚ್ಚಿಹೋಗಿವೆ. ಆದರೆ ನೆಲದೊಳಕ್ಕೆ ಇಳಿಯುವ ಮನುಷ್ಯ ಇಲ್ಲವಾಗಲಿಲ್ಲ. ನಮ್ಮ ಪಟ್ಟಣಗಳ ಬೀದಿಗಳ ಕೆಳಗೆ ಒಳಚರಂಡಿಗಳಿವೆ. ಮನೆಗಳ ಹಿಂದೆ ಸೆಪ್ಟಿಕ್ ಟ್ಯಾಂಕುಗಳಿವೆ. ಸಕ್ಕರೆಯ ನಾಡಾದ ಬೆಳಗಾವಿ ಜಿಲ್ಲೆಯಲ್ಲಿ ಕಾರ್ಖಾನೆಗಳ ತೊಟ್ಟಿಗಳಿವೆ. ಅಲ್ಲಿಗೆ ಇಳಿಯುವವನ ಹೆಸರು ಪತ್ರಿಕೆಯಲ್ಲಿ ಬರುವುದು ಸತ್ತ ಮೇಲೆ. ೨೦೨೩ರ ಏಪ್ರಿಲ್ ೩೦ರಂದು ಪಂಜಾಬದ ಲೂಧಿಯಾನದಲ್ಲಿ ಚರಂಡಿಯ ವಿಷವಾಯು ಬೀದಿಗೇ ಬಂದು ೧೧ ಜನರನ್ನು ಬಲಿ ತೆಗೆದುಕೊಂಡಿತೆಂದ ಮೇಲೆ, ಚರಂಡಿಯ ಒಳಗೆ ಇಳಿದವನ ಪಾಡನ್ನು ಹೇಳಬೇಕೆ?

ಈ ಅನ್ಯಾಯದ ವಿರುದ್ಧ ಕರ್ನಾಟಕದಲ್ಲಿ ದನಿಯೆತ್ತಿದವರುಂಟು. ೧೯೭೦ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆಜ್ಞೆ ಮಾಡಿದರು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಈ ಹೋರಾಟಕ್ಕಾಗಿ ೨೦೧೬ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಪಡೆದರು. ೨೦೧೩ರ ಕಾಯಿದೆ ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಚರಂಡಿಗೆ ಇಳಿಸಕೂಡದೆಂದು ವಿಧಿಸಿತು;ಅದರ ನಿಯಮಗಳಲ್ಲಿ ಹೇಳಿದ ಸಾಧನಗಳ ಪಟ್ಟಿಯಲ್ಲಿ ಅನಿಲಮಾಪಕವೂ ಇದೆ. ಸತ್ತವರ ಕುಟುಂಬಕ್ಕೆ ೧೦ ಲಕ್ಷ ರೂಪಾಯಿ ಕೊಡಬೇಕೆಂದು ೨೦೧೪ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯ, ೨೦೨೩ರಲ್ಲಿ ಅದನ್ನು ೩೦ ಲಕ್ಷಕ್ಕೆ ಏರಿಸಿತು. ಹಣ ಏರಿತು, ಹೋದ ಪ್ರಾಣ ಬರಲಿಲ್ಲ. ಹತ್ತು ಲಕ್ಷ ಭಾಗದಲ್ಲಿ ಹತ್ತು ಭಾಗ ಹೈಡ್ರೋಜನ್ ಸಲ್ಫೈಡ್ ಇದ್ದಾಗಲೇ ಕೂಗಿ ಹೇಳುವ ಅಗ್ಗದ ಸಾಧನ ಬಾಯಿಯ ಬಳಿ ಇದ್ದರೆ ಆ ಪರಿಹಾರದ ಪ್ರಶ್ನೆಯೇ ಏಳದು.

ಆದರೆ ಇಲ್ಲೊಂದು ಎಚ್ಚರಿಕೆಯ ಮಾತು ಅವಶ್ಯ. ಸಂವೇದಕ ಬಂದಿತೆಂದು ಮನುಷ್ಯನನ್ನು ಗುಂಡಿಗೆ ಇಳಿಸಲು ಅದೊಂದು ನೆವವಾಗಬಾರದು. ಕ್ಯಾನರಿ ಹಕ್ಕಿ ಗಣಿಯ ಕೂಲಿಯನ್ನು ಹೊರಕ್ಕೆ ಕರೆತಂದಿತೇ ಹೊರತು ಅವನ ಕೂಲಿಯನ್ನು ಹಗುರ ಮಾಡಲಿಲ್ಲ. ಗುಂಡಿಯ ಕೆಲಸ ಯಂತ್ರದ್ದು. ಸಂವೇದಕದ ಕೆಲಸ ‘ಇಳಿ’ ಎನ್ನುವುದಲ್ಲ, ‘ದೂರ ನಿಲ್ಲು’ ಎನ್ನುವುದು. ಇಷ್ಟು ಸ್ಪಷ್ಟವಾಗಿದ್ದರೆ ಮಾತ್ರ ವಿಜ್ಞಾನಿಗಳ ಶ್ರಮ ಸಾರ್ಥಕ.

ಅಲ್ಲಿಯವರೆಗೆ ನಾವು ಮಾಡಬಹುದಾದುದೇನು? ಮನೆಯ ಟ್ಯಾಂಕು ತುಂಬಿದಾಗ ಹೀರುವ ಯಂತ್ರದ ಗಾಡಿಯನ್ನೇ ಕರೆಸಬೇಕು. ನಾಲ್ಕು ಕಾಸು ಉಳಿಯುವುದೆಂದು ಆಳನ್ನು ಇಳಿಸಬಾರದು. ಕೆಂಡದ ಪಾತ್ರೆಯಿಟ್ಟ ಕೋಣೆಯ ಕದವನ್ನು ಮುಚ್ಚಿ ಮಲಗಬಾರದು. ಗುಂಡಿಯಲ್ಲಿ ಒಬ್ಬ ಬಿದ್ದುದನ್ನು ಕಂಡು ಹಿಂದುಮುಂದು ನೋಡದೆ ಇನ್ನೊಬ್ಬ ಇಳಿಯಬಾರದು. ಇಕ್ಕಟ್ಟಾದ ಗುಂಡಿ ತೊಟ್ಟಿಗಳಲ್ಲಿ ಸತ್ತವರಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಮಂದಿ ಉಳಿಸಲು ಹೋದವರೇ ಎಂದು ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ೧೯೮೬ರಲ್ಲಿ ಲೆಕ್ಕ ಹಾಕಿತ್ತು. ಅಣ್ಣನ ಹಿಂದೆ ತಮ್ಮ, ತಂದೆಯ ಹಿಂದೆ ಮಗ ಹೋದ ಸುದ್ದಿಗಳನ್ನು ನಾವೂ ಓದಿದ್ದೇವೆ. ಮೇಲಿನಿಂದಲೇ ಗಾಳಿ ಹಾಯಿಸುವುದು, ಅಗ್ನಿಶಾಮಕ ದಳದವರನ್ನು ಕರೆಯುವುದು ಇವೇ ಆಗ ನಿಜವಾದ ಧೈರ್ಯ.

೧೯೯೮ರಲ್ಲಿ ಸ್ಥಾಪಿತವಾಗಿ ಬೆಳಗಾವಿಯಲ್ಲಿ ನೆಲೆಸಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಎಷ್ಟೋ ಸಾವಿರ ತರುಣರು ಓದುತ್ತಿದ್ದಾರೆ. ಗ್ರಾಫೀನನ್ನು ಹೊಸದಾಗಿ ಕಂಡುಹಿಡಿಯಬೇಕಾದ ಹೊರೆ ಅವರ ಮೇಲಿಲ್ಲ. ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಸಿದ್ಧವಾದ ಸಾಧನ ಖಾನಾಪುರದ ಮಳೆಯಲ್ಲಿ ನಿಜ ಹೇಳುತ್ತದೆಯೆ, ಉದ್ಯಮಬಾಗದ ಧೂಳಿನಲ್ಲಿ ವರ್ಷವಿಡೀ ಬಾಳುತ್ತದೆಯೆ, ಪೌರಕಾರ್ಮಿಕನ ಕೈಗೆ ಎಟುಕುವ ಬೆಲೆಗೆ ಬರುತ್ತದೆಯೆ ಎಂದು ಪರೀಕ್ಷಿಸಿ ತಿದ್ದುವ ಕೆಲಸ ಅವರದಾಗಬಹುದು. ಹಗೇವಿನ ಬಾಯಲ್ಲಿ ದೀಪ ಇಳಿಬಿಟ್ಟ ಅಜ್ಜನಿಗೆ ಆಮ್ಲಜನಕದ ಹೆಸರು ಗೊತ್ತಿರಲಿಲ್ಲ. ಆದರೆ ದೀಪ ಅವನ ಕೈಯಲ್ಲಿತ್ತು. ನಮಗೆ ಹೆಸರುಗಳೆಲ್ಲ ಗೊತ್ತಿವೆ. ಇನ್ನು ಸಾಧನವು ಇಳಿಯುವವನ ಕೈಗೆ ತಲುಪಬೇಕು, ಅಷ್ಟೇ.